ಎಡ ಅಂಗೈ

ಜಂಗಮವಾಡಿ, ಕಾಶಿ
೧೨ ನವೆಂಬರ್ ೨೦೦೭

ನನ್ನ ಜಗಳಗಂಟಿ ಭವಾನಿಗೆ ಅವ್ವನ ತುಂಬು ಆಶೀರ್ವಾದ.

ಹೋದ ಪತ್ರದ ಸಾಲುಗಳೆಲ್ಲ ಸೊಟ್ಟಗಿದ್ದವೆಂದು ಫೋನಿನಲ್ಲಿ ನಕ್ಕೆಯಲ್ಲ, ಆಗ ನಾನು ಕನ್ನಡಕದ ನಂಬರು ಬದಲಾಗಿದೆ ಎಂದಿದ್ದೆ. ಅದು ಸುಳ್ಳು ಕಣೇ. ಅದಕ್ಕೂ ಮೊದಲೇ ಬೆಳಗಿನ ಪೂಜೆಯಲ್ಲಿ ಎಡ ಅಂಗೈಯ ಮೇಲಿದ್ದ ಇಷ್ಟಲಿಂಗ ಜಾರಿ ಮಡಿಲಿಗೆ ಬಿದ್ದಿತ್ತು. ಲಿಂಗ ಕೈಬಿಡುವುದೆಂದರೆ ನಮ್ಮವರಿಗೆ ಏನೆಂದು ನಿನಗೆ ಗೊತ್ತು. ಶಿವನೇ ನನ್ನ ಮೇಲೆ ಮುನಿದಿದ್ದಾನೆ ಎಂದುಕೊಂಡೆ. ಬಲಗೈಯ ಆಸರೆ ಕೊಟ್ಟು ಪೂಜೆ ಮಾಡುತ್ತಾ, ಯಾರಿಗೂ ಹೇಳದೆ ದಿನ ದೂಡಿದೆ. ಆಮೇಲೆ ಹಾಲಿನ ಪಾತ್ರೆಯೂ ಅದೇ ಕೈಯಿಂದ ಜಾರಿದಾಗ ನಿಮ್ಮಪ್ಪ ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು.

ಹಿಂದೆ ಎದೆಯಿಂದ ತೆಗೆಸಿದ್ದ ಕ್ಯಾನ್ಸರ್ ಈಗ ಮೆದುಳಿಗೆ ಹಬ್ಬಿದೆಯಂತೆ. ಬರೆದುಬಿಟ್ಟೆ ನೋಡು. ಅಳಬೇಡ, ಮುಂದೆ ಓದು.

ತಲೆಗೆ ರೇಡಿಯೇಶನ್ ಕೊಡಬೇಕು ಎಂದರು. ಪಕ್ಕದ ಮನೆಯ ನಾಗಮಣಿ ಬಂದು, "ಕಾಶ್ಯಾಗ ಅದೀ, ಇನ್ನ ಯಾಕ ಬೇಕ ಇಲಾಜು?" ಎಂದಳು. ಮೈಯೆಲ್ಲ ಉರಿಯಿತು. ಕಾಶಿಗೆ ಸಾಯಲು ಬರುವವರು ಬೇರೆ, ನಾನು ಸಂಸಾರ ಮಾಡಲು ಬಂದವಳು ಎಂದೆ. ಪಾಪ, ಆಮೇಲೆ ಅವಳೇ ದಿನಾ ಗಂಜಿ ತಂದುಕೊಟ್ಟಳು.

ಮೊದಲ ದಿನವೇ ತಕರಾರು. ತಲೆ ಅಲುಗದಂತೆ ಜಾಳಿಗೆಯ ಮುಖವಾಡ ಬಿಗಿಯುವಾತ, "ಮಾತಾಜಿ, ಗಲೇ ಕಾ ಸಬ್ ಉತಾರಿಯೇ" ಎಂದ. ಕೊರಳಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ! ತೆಗೆಯುವುದಿಲ್ಲವೆಂದು ಎದ್ದು ಮನೆಗೆ ಬಂದುಬಿಟ್ಟೆ. ನಿಮ್ಮಪ್ಪ ಮಠದ ಸಂಗಯ್ಯನವರನ್ನು ಕರೆತಂದರು. ಅವರೆದುರು ಅತ್ತು, ಲಿಂಗ ಜಾರಿದ್ದನ್ನೂ ಹೇಳಿದೆ. "ನಿನ್ನ ಕೈ ಸೋತು ಬಿದ್ದದವ್ವಾ, ಲಿಂಗ ಮುನಿದಲ್ಲ. ಕೊರಳಾಗ ಬ್ಯಾಡಂದ್ರ ಅಂಗೈಯಾಗ ಹಿಡ್ಕೊಂಡು ಮಲಕ್ಕೋ. ಪೂಜಾ ಮಾಡೂ ಜಾಗಾನ ಅಲ್ಲೇನು ಅದು?" ಎಂದರು. ಆಸ್ಪತ್ರೆಯವರೂ ಒಪ್ಪಿದರು.

ಯಂತ್ರ ಗುಂಯ್ ಎನ್ನುವಷ್ಟು ಹೊತ್ತೂ ಬಲಗೈಯಲ್ಲಿ ಲಿಂಗ ಹಿಡಿದು ಮಲಗುತ್ತಿದ್ದೆ. ಕೂದಲೆಲ್ಲ ಉದುರಿತು. ನಿಮ್ಮಪ್ಪ ನನ್ನನ್ನು 'ಸ್ವಾಮಿಗಳೇ' ಎಂದು ಕರೆಯುತ್ತಾರೆ, ಬೈದರೂ ಬಿಡುವುದಿಲ್ಲ. ಮೊನ್ನೆಗೆ ರೇಡಿಯೇಶನ್ ಮುಗಿಯಿತು, ಮೆದುಳಿನ ಬಾವು ಇಳಿದಿದೆಯಂತೆ. ರೋಗ ಪೂರ್ತಿ ಹೋಯಿತೆಂದು ಡಾಕ್ಟರು ಹೇಳಿಲ್ಲ, ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಭಯವಾಗುತ್ತದೆ ಭವಾನಿ. ಆದರೂ ನಿನ್ನ ಬಾಣಂತನ ಮಾಡಬೇಕು, ನಿನ್ನ ಕೂಸಿಗೆ ಲಿಂಗ ಕಟ್ಟುವ ದಿನ ನಾನೇ ಎತ್ತಿಕೊಂಡು ಕೂರಬೇಕು. ಅಷ್ಟು ಆಸೆ ನನಗಿದೆ.

ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಅವ್ವ,
ಗಿರಿಜಾದೇವಿ

ತಾ.ಕ.: ಈ ಸಲ ಸಾಲುಗಳು ನೆಟ್ಟಗಿವೆ, ನೋಡಿದೆಯಾ? ಆಗ ಹಾಳೆ ಜಾರದಂತೆ ಒತ್ತಿಹಿಡಿಯಲು ಎಡಗೈಗೆ ಆಗುತ್ತಿರಲಿಲ್ಲ. ಈಗ ಹಿಡಿದಿದೆ. ಇವತ್ತು ಬೆಳಿಗ್ಗೆ ಲಿಂಗವನ್ನೂ ಅದೊಂದೇ ಹಿಡಿದಿತ್ತು.