ಅತ್ತೆಯ ಒದ್ದೆ ಬಟ್ಟೆ

ಮಾರ್ಚ್ ೧೨, ಗುರುವಾರ

ಕಿಟಕಿಯಲ್ಲಿರುವ ಸಕ್ಯುಲೆಂಟ್ ಗಿಡಗಳ ದಪ್ಪ ಎಲೆ ಏಕೆ ಅಂಟಂಟಾಗಿದೆ ಎಂದು ಇವತ್ತು ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು. ಎಲೆಯ ಸಂದುಗಳಲ್ಲಿ ಹತ್ತಿಯ ಚೂರಿನಂಥ ಬಿಳಿ ಹಿಟ್ಟುತಿಗಣೆ; ಅವು ರಸ ಹೀರಿ ಸುರಿಸುವ ಜಿಗುಟೇ ಈ ಅಂಟು. ಒಂದು ಕುಂಡದಲ್ಲಿದ್ದ ಹುಳುವನ್ನು ಎಲ್ಲಕ್ಕೂ ಹಂಚಿದ್ದು ಅತ್ತೆಯ ಒದ್ದೆ ಬಟ್ಟೆ. ದಿನಾ ಸಂಜೆ ಅದೊಂದರಲ್ಲೇ ಸಾಲಾಗಿ ಎಲ್ಲ ಎಲೆಗಳನ್ನೂ ಒರೆಸುತ್ತಾರೆ. ಮಾವ ಹೋದಮೇಲೆ ಅವರು ಹಾಸಿಗೆ ಬಿಟ್ಟು ಏಳುವುದು ಆ ಕೆಲಸಕ್ಕೆ ಮಾತ್ರ. ಯಾವ ಬಾಯಲ್ಲಿ ಹೇಳಲಿ?

"ನೀನೇ ಹೇಳು, ನನ್ನ ಕೈಲಿ ಆಗಲ್ಲ" ಎಂದು ಇವರು ಜಾರಿಕೊಂಡರು. ಜಾಣರು!

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಹುಳುಗಳನ್ನು ತೆಗೆದೆ, ತೀರಾ ಕೆಟ್ಟ ಕುಂಡವನ್ನು ಬೇರೆ ಇಟ್ಟೆ, ಬಟ್ಟೆಯನ್ನು ಕಳ್ಳರ ಹಾಗೆ ಕಸಕ್ಕೆ ಹಾಕಿದೆ.

ಸಂಜೆ ಅವರು ಮನೆಯೆಲ್ಲ ಹುಡುಕಿದರು. ನಾನು ತರಕಾರಿ ಹೆಚ್ಚುತ್ತಲೇ ಇದ್ದೆ. ಆಮೇಲೆ ಕೋಣೆಯಿಂದ ಪರ್ರನೆ ಹರಿದ ಸದ್ದು. ಹೊರಬಂದಾಗ ಅವರ ಕೈಯಲ್ಲಿ ಮಾವನ ಅಂಗಿಯ ತೋಳು.

"ಇದು ಮೆತ್ತಗಿದೆ ಕಣೇ, ಎಲೆಗೆ ನೋವಾಗಲ್ಲ. ಅಂಟು ಜಾಸ್ತಿಯಾಗಿದೆ, ನಾಳೆಯಿಂದ ಎರಡು ಹೊತ್ತೂ ಒರೆಸ್ತೀನಿ."

ಆ ತೋಳು ಈಗ ಕುಂಡಗಳ ಪಕ್ಕ ಒಣಗುತ್ತಿದೆ. ಅದನ್ನು ಕಸಕ್ಕೆ ಹಾಕುವುದು ನನ್ನ ಕೈಲಿ…