ಬೇಡವೆಂದವರ ರಕ್ತವನ್ನಷ್ಟೇ ಉಳಿಸುವ ಆಸ್ಪತ್ರೆಗೆ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನನ್ನ ಗಂಡನ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಹರಿಯಬೇಕಿಲ್ಲದ ರಕ್ತವನ್ನು ಹರಿಸಿದಿರಿ. ಅದನ್ನು ತುಂಬಲು ನನ್ನನ್ನು ಬೀಗರ ಬಾಗಿಲಿಗೆ ಕಳಿಸಿದಿರಿ. ನನ್ನ ದೂರು ಇದು. ನಮ್ಮೂರು ಯೋಸುವಿನಲ್ಲಿ ನಮ್ಮನ್ನು ಬಲ್ಲವರೆಲ್ಲ ಈ ಬಹಿರಂಗ ಪತ್ರ ಓದುತ್ತಾರೆಂದು ನೆನೆದರೆ ಮುಖ ಬಿಸಿಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ನನ್ನ ಗಂಡ ದೋ ಪಿಲ್‌ಗ್ಯೂ ಸಿಟಿ ಬಸ್ ಚಾಲಕರು. ವರ್ಷಗಟ್ಟಲೆ ಕುಲುಕಿ ಸೊಂಟದ ಬಳಿ ಬೆನ್ನುಮೂಳೆ ಜರುಗಿತ್ತು. ನೋವಿನ ಮಾತ್ರೆಗಳನ್ನು ಬಾರ್ಲಿ ನೀರು ಕುಡಿದಷ್ಟು ಸಲೀಸಾಗಿ ನುಂಗುತ್ತಿದ್ದರು. ಅವು ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ರಕ್ತಹೀನತೆ ತಂದಿದ್ದವು. ನಿಮ್ಮದೇ ಪರೀಕ್ಷೆಯಲ್ಲಿ ಅದು ಕಂಡಿತ್ತು. "ಸ್ವಲ್ಪ ರಕ್ತ ಕಮ್ಮಿ ಇದೆ, ಬೇಕಾದ್ರೆ ಹಾಕೋಣ" ಎಂದರು ನಿಮ್ಮ ಶಸ್ತ್ರವೈದ್ಯರು, ಸಾರಿಗೆ ಉಪ್ಪು ಕಮ್ಮಿ ಎನ್ನುವ ಧಾಟಿಯಲ್ಲಿ. ಹಾಕಲು ರಕ್ತ ಎಲ್ಲಿತ್ತು?

ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಬೆನ್ನಿಗೆ ಹಾಕಿದ್ದ ಕೊಳವೆಯಿಂದ ರಕ್ತ ಇಳಿಯುತ್ತಲೇ ಇತ್ತು. ಅವರ ತುಟಿ ಬೂದಿಬಣ್ಣಕ್ಕೆ ತಿರುಗಿತು. "ಅಮ್ಮಾ, ರಕ್ತ ಸ್ಟಾಕಿಲ್ಲ. ಇದೇ ಗುಂಪಿನವರನ್ನ ನೀವೇ ಕರ್ಕೊಂಡು ಬರ್ಬೇಕು" ಎಂದಳು ನರ್ಸ್. ನನ್ನದೂ ಮಗಳು ಸೋಲ್‌ಹ್ವಾಳದೂ ಬೇರೆ ಗುಂಪು.

ಮಗಳ ಮದುವೆ ಆಗಷ್ಟೇ ನಿಶ್ಚಯವಾಗಿತ್ತು. ಹುಡುಗನ ತಂದೆ ಬ್ಯೋನ್ ಅವರನ್ನು ಒಂದೇ ಬಾರಿ ಭೇಟಿಯಾಗಿದ್ದೆವು. ಮೀನಿನ ತುಂಡಿಗೆ ಕೈ ಹಾಕಲೂ ಸಂಕೋಚಪಡುತ್ತ, ಮಾತಿಗೆ ವಿಷಯ ಸಿಗದೆ ರಕ್ತದ ಗುಂಪು ಕೇಳಿಕೊಂಡಿದ್ದೆವು. ಇಬ್ಬರು ಅಪ್ಪಂದಿರದೂ ಒಂದೇ ಎಂದು ನಕ್ಕಿದ್ದೆವು. ಬ್ಯೋನ್ ಅವರು ಕಡಲಪಾಚಿ ಒಣಗಿಸುವ ಶೆಡ್ಡಿಗೆ ಹೋಗಿ ತಲೆಬಾಗಿ ನಿಂತೆ. ಬೀಗರಿಗೆ ಉಡುಗೊರೆ ಹೊತ್ತು ಹೋಗಬೇಕಾದ ಹೆಣ್ಣಿನ ತಾಯಿ, ರಕ್ತ ಕೇಳಲು ಬರಿಗೈಯಲ್ಲಿ ಹೋಗಿದ್ದೆ. ಗಂಡನಿಗೆ ರಕ್ತ ಬೇಕೆಂದು ತೊದಲಿದೆ.

"ಅಷ್ಟು ಬಗ್ಗಬೇಡಿ ಬೀಗಿತ್ತಿಯವರೇ, ನಿಮ್ಮ ಬೆನ್ನೂ ಹೋದೀತು!" ಎಂದು ಬ್ಯೋನ್ ರಬ್ಬರ್ ಕೈಗವಸು ಕಳಚಿದರು. "ಮದುವೆಗೆ ಮುಂಚೆನೇ ರಕ್ತಸಂಬಂಧ ಆಯ್ತು ಬಿಡಿ." ಅದೇ ಗುಂಪಿನ ತಮ್ಮನನ್ನೂ ಗಾಡಿ ಹತ್ತಿಸಿಕೊಂಡು ಬಂದರು. ನನ್ನ ಗಂಡ ಬದುಕಿದರು.

ಎಚ್ಚರವಾದ ಮೇಲೆ ಕೇಳಿದರು: "ಯಾರ್ದು ರಕ್ತ ಹಾಕಿದ್ರು?"

"ಬೀಗರದು."

ಅವರು ಮುಖವನ್ನು ಗೋಡೆಯತ್ತ ಹೊರಳಿಸಿದರು. "ಒಬ್ಬರನ್ನೂ ಬಸ್ಸಿಗೆ ಪುಕ್ಕಟೆ ಹತ್ತಿಸ್ಕೊಂಡೋನಲ್ಲ ಕಣೇ ನಾನು. ಇನ್ನು ಅವರ ಮುಂದೆ ಹೆಂಗೆ ಕೂತ್ಕೊಳ್ಳಲಿ?"

ಪಕ್ಕದ ಮಂಚಕ್ಕೆ ಗಡಿಯಾರ ರಿಪೇರಿಯ ಗಾಮ್ ಅವರು ಬಂದರು. ಅದೇ ವೈದ್ಯರು, ಅದೇ ಶಸ್ತ್ರಚಿಕಿತ್ಸೆ. ಬೇರೆಯವರ ರಕ್ತ ಹಾಕಿಸಿಕೊಳ್ಳುವುದು ಅವರ ಧರ್ಮದಲ್ಲಿ ನಿಷಿದ್ಧ. ಶಸ್ತ್ರಚಿಕಿತ್ಸೆಯ ಮಾರನೆಯ ಬೆಳಿಗ್ಗೆಯೇ ಅವರು ಗಂಜಿ ಸಪ್ಪೆಯೆಂದು ಜಗಳ ತೆಗೆದಿದ್ದರು. ಅವರ ಹೆಂಡತಿ ವಿವರಿಸಿದರು: "ನಾವು ಬೇಡ ಅಂದ್ವಲ್ಲ, ಡಾಕ್ಟ್ರು ಬಹಳ ಹುಷಾರಾಗಿ ಮಾಡಿದ್ರು. ವಾರಗಳ ಮುಂಚೆನೇ ಕಬ್ಬಿಣಾಂಶದ ಡ್ರಿಪ್ ಹಾಕಿದ್ರು. ನೋವಿನ ಮಾತ್ರೆ ಬದಲಾಯಿಸಿದ್ರು. ಕೊಯ್ಯೋ ಮುಂಚೆ ರಕ್ತ ಕಮ್ಮಿ ಸೋರೋಕೆ ಔಷಧಿ, ಹೊಟ್ಟೆ ಮೇಲೆ ಒತ್ತಡ ಬೀಳದ ಹಾಗೆ ದಿಂಬು. ಸೋರಿದ್ದನ್ನೂ ಮಿಷನ್‌ನಲ್ಲಿ ತೊಳೆದು ಇವರಿಗೇ ವಾಪಸ್ ಕೊಟ್ರಂತೆ. ನಿಮ್ಮೋರಿಗೂ ಹಂಗೇ ಮಾಡಿರ್ಬೇಕಲ್ವಾ?"

"ಹ್ಞೂಂ, ಮಾಡಿದ್ರು" ಎಂದೆ. ಅವಮಾನಕ್ಕೆ ಸುಳ್ಳು ಹೇಳಿದೆ. ಯಾರೂ ಲೆಕ್ಕಕ್ಕಿಡದ ಗಂಡಸಿನ ಹೆಂಡತಿ ಎನಿಸಿಕೊಳ್ಳಲು ಆಗಲಿಲ್ಲ.

ನಿಮ್ಮ ವೈದ್ಯರನ್ನು ವಾರ್ಡಿನ ಕಾರಿಡಾರಿನಲ್ಲಿ ತಡೆದು ಕೇಳಿದೆ. "ಅವರು ಬೇಡ ಅಂದಿದ್ರಮ್ಮ. ನೀವು ಬೇಡ ಅನ್ನಲಿಲ್ವಲ್ಲ" ಎಂದರು. ಎಷ್ಟು ಸರಳ! ಅಂದರೆ ವಿದ್ಯೆ, ಔಷಧಿ, ಯಂತ್ರ ಎಲ್ಲವೂ ನಿಮ್ಮಲ್ಲಿವೆ. ಅವನ್ನು ಹೊರತೆಗೆಸಲು ರೋಗಿ ಹಟ ಹಿಡಿಯಬೇಕು. ವಿಧೇಯನಾಗಿ ತಲೆಯಾಡಿಸಿದವನ ರಕ್ತಕ್ಕೆ ಬೆಲೆ ಕಡಿಮೆಯೇ? ನಂಬಿ ಮಲಗಿದ್ದೇ ನನ್ನ ಗಂಡನ ಅಪರಾಧವೇ? ರೋಗಿಗೆ ರಕ್ತ ಹಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅದರಿಂದಲೇ ಅವರು ಉಳಿದರು. ಆದರೆ ರಕ್ತಕ್ಕೆ ಬರವಿರುವ ಊರಿನಲ್ಲಿ, ಉಳಿಸಬಹುದಾದದ್ದನ್ನು ಚೆಲ್ಲಿ ಇನ್ನೊಬ್ಬರ ತೋಳಿಗೆ ಸೂಜಿ ಚುಚ್ಚಿಸುವುದನ್ನು ಏನೆಂದು ಕರೆಯಲಿ?

ಮದುವೆಯಾಯಿತು. ಬ್ಯೋನ್ ಬಂದಾಗಲೆಲ್ಲ ನನ್ನ ಗಂಡ ಏನಾದರೊಂದು ನೆವ ಹೇಳಿ ಒಳಕೋಣೆ ಸೇರುತ್ತಾರೆ. "ನನ್ನ ರಕ್ತ ಹೊಂದಲಿಲ್ವೇನೋ!" ಎಂದು ನಗುತ್ತಾರೆ ಆ ಪುಣ್ಯಾತ್ಮ. ಅದು ಬೇಕೇ ಆಗುತ್ತಿರಲಿಲ್ಲವೇನೋ ಎಂದು ಅವರಿಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಆದ್ದರಿಂದ ನನ್ನ ಆಗ್ರಹವಿದು: ಬೇಡವೆಂದವರಿಗೆ ಮಾಡುವುದನ್ನೆಲ್ಲ, ಬೆನ್ನು ಕೊಯ್ಯಿಸಿಕೊಳ್ಳಲು ಬರುವ ಪ್ರತಿಯೊಬ್ಬರಿಗೂ ಕೇಳುವ ಮುಂಚೆಯೇ ಮಾಡಿ, ಯಾರಿಗಾದರೂ ಆಗದಿದ್ದರೆ ಕಾರಣ ಹೇಳಿ. ಮತ್ತು ನೀವೇ ಬ್ಯೋನ್ ಅವರ ಶೆಡ್ಡಿಗೆ ಹೋಗಿ ಬನ್ನಿ. ಅವರ ರಕ್ತ ಏಕೆ ಬೇಕಾಯಿತೆಂದು ಅವರೆದುರು ನಿಂತು ಹೇಳಿ. ಎಷ್ಟು ಬಗ್ಗಬೇಕೆಂಬುದು ಅಲ್ಲಿ ನಿಂತಾಗ ನಿಮಗೇ ತಿಳಿಯುತ್ತದೆ.

ಇಂತಿ,
ಬೇಡವೆನ್ನಲು ತಿಳಿಯದೆ ಹೋದ
ಮೋ ಯಂಗ್‌ರಾನ್
ಯೋಸು