ಗುಂಡಿಯ ಮುಚ್ಚಳ ತೆಗೆದ ದಿನ

ಹಂಪಾಪುರ, ಹೆಗ್ಗಡದೇವನಕೋಟೆ ತಾಲ್ಲೂಕು
14 ಜುಲೈ 2025, ಸೋಮವಾರ

ನಮ್ಮ ಮಧುಶ್ರೀಯ ಅಪ್ಪನಿಗೆ,

ಶರಣು. ಹೇಗಿದ್ದೀರಿ? ಸೊಂಟದ ನೋವು ಇಳಿಯಿತೆ? ಅರಸೀಕೆರೆ ಡಿಪೋದ ರೂಮಿನಲ್ಲಿ ಬಿಸಿನೀರಿಗೂ ಜಗಳವಾಡಬೇಕು ಎಂದಿದ್ದಿರಿ. ಆಡಿ, ತಣ್ಣೀರಲ್ಲಿ ಮಾತ್ರ ಮೀಯಬೇಡಿ. ದಿನವಿಡೀ ಸ್ಟೇರಿಂಗ್ ಹಿಡಿಯುವ ಮೈ ಅದು. ಮಗಳು ಚೆನ್ನಾಗಿದ್ದಾಳೆ. ಅತ್ತೆಯ ಮಂಡಿನೋವು ಹಾಗೇ ಇದೆ. ಮಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಯಾಕೆಂದು ಫೋನಿನಲ್ಲಿ ಹೇಳಹೊರಟರೆ ನೀವು "ಡ್ಯೂಟಿಲಿದೀನಿ ಕಣೇ, ಆಮೇಲೆ" ಎಂದು ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲಾಗುವುದಿಲ್ಲ. ಕೂತು ಓದಿ.

ಬಚ್ಚಲಿನ ಅವಸ್ಥೆ ನಿಮಗೆ ಗೊತ್ತೇ ಇದೆ. ಒಂದು ಚೊಂಬು ನೀರು ಮೈಮೇಲೆ ಸುರಿದುಕೊಂಡರೆ ಸಾಕು, ಪಕ್ಕದ ಕಕ್ಕಸಿನಿಂದ ಕಪ್ಪು ನೀರು ಗುಳುಗುಳು ಎಂದು ಮೇಲೆದ್ದು ಪಾದ ಮುಚ್ಚುತ್ತಿತ್ತು. ಮಗಳು ಸ್ಕೂಲಿಗೆ ಹೊರಡುವ ಮುಂಚೆ ಬಕೆಟ್ಟು ಹಿಡಿದು ನೆರೆಮನೆಯ ಗುರುಶಾಂತಮ್ಮನವರಲ್ಲಿಗೆ ಓಡುತ್ತಿದ್ದಳು. ಮಾವನದು ಒಂದೇ ಮಾತು, ಹಿತ್ತಲಿನ ಗುಂಡಿ ತುಂಬಿದೆ. ಕೋಟೆಯಿಂದ ಹೊಲಸು ಹೀರುವ ಸಕ್ಕಿಂಗ್ ಗಾಡಿ ಕರೆಸೋಣ ಎಂದು ನಾನು ಫೋನು ಮಾಡಿದೆ. ಗಾಡಿಯವರು ಸರದಿ ಬರಲಿ ಎಂದರು. "ಸರದಿ ಬರಗಂಟ ಇದ್ರಲ್ಲೇ ಈಜಾಡ್ಬೇಕಾ?" ಎಂದು ಮಾವ ಸಿಡುಕಿದರು. ಈಜಾಡೋಣ ಎಂದೆ. ತಮ್ಮ ಹೊಲಸಿನಲ್ಲಿ ತಾವು ನಾಲ್ಕು ದಿನ ನಿಂತರೆ ಯಾರೂ ಸಾಯುವುದಿಲ್ಲ. ಇನ್ನೊಬ್ಬರ ಹೊಲಸಿಗೆ ಇಳಿದವರು ಸಾಯುತ್ತಾರೆ.

ಶನಿವಾರ ಅಂಗನವಾಡಿ ಮುಗಿಸಿ ಬಂದೆ. ಗುಂಡಿಯ ಮುಚ್ಚಳ ತೆಗೆದಿತ್ತು. ಅದರ ಬಾಯಿಯ ಪಕ್ಕ ಮಂಚಯ್ಯನವರು ಅಂಗಿ ಬಿಚ್ಚಿಟ್ಟು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದರು. ಕೇರಿಯ ಅದೇ ಮಂಚಯ್ಯ. ಹುಣಸೂರಿನಲ್ಲಿ ಯಾವುದೋ ಲಾಡ್ಜಿನ ಗುಂಡಿಗೆ ಇಳಿದ ಅವರ ತಮ್ಮ ಹೆಣವಾಗಿ ಮೇಲೆ ಬಂದಾಗ, ತಾಲ್ಲೂಕು ಕಚೇರಿ ಮುಂದೆ ಬಿಸಿಲಲ್ಲಿ ಬೋರ್ಡು ಹಿಡಿದು ನಿಂತವರು ನೀವು. "ಗುಂಡಿಗೆ ಇಳಿಸುವ ಕೈ, ಕೊಲೆ ಮಾಡುವ ಕೈ" ಎಂದು ಕೂಗಿದಿರಿ. ನಿಮ್ಮ ಪಕ್ಕದಲ್ಲಿ ನಿಂತು ನಾನೂ ಕೂಗಿದೆ. ನಿಮ್ಮ ಗಂಟಲು ಕಟ್ಟಿ, ವಾರವೆಲ್ಲ ಮೆಣಸಿನ ಕಷಾಯ ಕುಡಿಸಿದ್ದೆ. ಆ ಮನುಷ್ಯ ಈಗ ನಮ್ಮ ಹಿತ್ತಲಿನಲ್ಲಿ, ನಮ್ಮ ಹೇಲಿನ ಅಂಚಿನಲ್ಲಿ.

"ಹಗ್ಗ ಬಿಚ್ಚಿ ಮಂಚಯ್ಯನವ್ರೇ" ಎಂದೆ. "ಬುಡವ್ವ, ಬಿರ್ನೆ ಇಳ್ದು ಬಿರ್ನೆ ಬತ್ತೀನಿ" ಎಂದರು, ನನ್ನ ಮುಖ ನೋಡದೆ. ದೂರದಲ್ಲಿ ಮೂಗಿಗೆ ಟವೆಲು ಒತ್ತಿಕೊಂಡು ನಿಂತಿದ್ದ ಮಾವ, "ನೀನ್ ಒಳೀಕೋಗು, ಅವುನ್ಗೆ ಅಭ್ಯಾಸ ಅದೆ" ಎಂದರು. "ಅವರ ತಮ್ಮನ್ಗೂ ಅಭ್ಯಾಸ ಇತ್ತು ಮಾವ" ಎಂದೆ. ಅಷ್ಟರಲ್ಲಿ ಮಂಚಯ್ಯ ಒಂದು ಕಾಲು ಒಳಗಿಟ್ಟಾಗಿತ್ತು. ನಾನು ಸೀರೆ ಎತ್ತಿ ಕಟ್ಟಿ ಎದುರಿನ ಅಂಚಿನಲ್ಲಿ ಕೂತು ಎರಡೂ ಕಾಲು ಇಳಿಬಿಟ್ಟೆ. "ನೀವು ಇಳುದ್ರೆ ನಾನೂ ಇಳೀತೀನಿ. ಉಂಡೋರು ನಾವು, ಮೊದಲ ಪಾಳಿ ನಮ್ಮದು." ಅತ್ತೆ ಅಡುಗೆಮನೆಯಿಂದ ಕುಂಟುತ್ತಲೇ ಓಡಿಬಂದರು. "ಕೊಳ್ಳಲ್ಲಿ ಲಿಂಗ ಕಟ್ಕಂಡು ಹೇಲ್ ಗುಂಡಿಗೆ ಇಳ್ದಿಯೇನೇ, ಮನೆಹಾಳಿ!" "ಲಿಂಗ ಇಲ್ಲದ ಕೊರಳಿಗೆ ಉಸಿರು ಬ್ಯಾಡ್ವಾ ಅತ್ತೆ?" ಎಂದೆ.

ಒಳಗಿಂದ ಏಳುತ್ತಿದ್ದ ಕೊಳೆತ ಮೊಟ್ಟೆಯಂಥ ಬಿಸಿ ವಾಸನೆ ಕಣ್ಣಿಗೇ ಹೊಡೆಯುತ್ತಿತ್ತು. ಕೂತಲ್ಲೇ ತಲೆ ತಿರುಗಿತು. ಇನ್ನು ಒಳಗೆ ಇಳಿದವರ ಗತಿ? ಮಂಚಯ್ಯ ನನ್ನನ್ನೇ ನೋಡಿದರು. ಮೆಲ್ಲಗೆ ಕಾಲು ಮೇಲೆ ತೆಗೆದರು, ಕೋಪದಿಂದ. "ನಿಮ್ಮನೆ ಜಗಳುಕ್ಕೆ ನನ್ ಕೂಲಿ ಯಾಕವ್ವ ಕಳೀತೀರಿ?" ಆ ದಿನದ ಕೂಲಿ ಅವರ ಕೈಗಿಟ್ಟೆ.

ಮುಚ್ಚಳ ಎಳೆಯುವ ಮುಂಚೆ ಮೂಗು ಕಟ್ಟಿ ಟಾರ್ಚು ಬಿಟ್ಟು ನೋಡಿದೆ. ಗುಂಡಿ ತುಂಬಿಯೇ ಇರಲಿಲ್ಲ! ನೀರು ಪೈಪಿನ ಬಾಯಿಗಿಂತ ಎಷ್ಟೋ ಕೆಳಗಿತ್ತು, ಪೈಪಿನ ಬಾಯಿ ಒಣಗಿತ್ತು. ಕಟ್ಟಿಕೊಂಡಿದ್ದದ್ದು ಬಚ್ಚಲಿಗೂ ಗುಂಡಿಗೂ ನಡುವಿನ ಪೈಪು. ಏನೂ ಇಲ್ಲದ್ದಕ್ಕೆ ಒಬ್ಬ ಮನುಷ್ಯನನ್ನು ಸಾವಿನ ಬಾಯಿಗೆ ಇಳಿಸುತ್ತಿದ್ದೆವು. ಮನೆಯವರು ಯಾರೂ ಒಮ್ಮೆ ಬಗ್ಗಿ ನೋಡಿರಲಿಲ್ಲ. ಬಗ್ಗಿ ನೋಡುವುದು ಕೂಡ ಮಂಚಯ್ಯನ ಕೆಲಸ ಎಂದುಕೊಂಡ ಮನೆ ಇದು.

ಹಾರೆ ತಂದೆ. ಪೈಪು ತಿರುಗುವ ಮೂಲೆಯಲ್ಲಿ ಸಿಮೆಂಟು ಒಡೆದು, ಬೆಂಡು ಬಿಚ್ಚಿ, ಉದ್ದನೆಯ ಬಿದಿರ ದಬ್ಬೆಯನ್ನು ಬಚ್ಚಲ ಕಡೆಗೆ ತೂರಿಸಿದೆ. ಸ್ವಲ್ಪ ದೂರ ಹೋಗಿ ಅದು ಮೆತ್ತಗೆ ಏನಕ್ಕೋ ತಾಗಿ ನಿಂತಿತು. ತಿವಿದೆ, ಎಳೆದೆ, ಮತ್ತೆ ತಿವಿದೆ. ಅಂಗೈಗೆ ಬೊಬ್ಬೆ ಬಂತು. ಕಡೆಗೆ ಒಮ್ಮೆಗೇ ಭೋರೆಂದು ನುಗ್ಗಿತು. ಮೊದಲು ಬಂದದ್ದು ಹೊಲಸಲ್ಲ ಕಣ್ರೀ. ಬಿಲ್ವಪತ್ರೆ! ಬಿಲ್ವಪತ್ರೆ, ಕಣಗಿಲೆ ಹೂ, ವಿಭೂತಿ ಎಲ್ಲ ಸೇರಿ ಗಾರೆಯಂತೆ ಗಟ್ಟಿಯಾದ ಮುದ್ದೆಗಳು.

ಅತ್ತೆ ಅಲ್ಲೇ ಕುಸಿದು ಕೂತರು. "ನಾನೇ ಕಣವ್ವ" ಎಂದರು. ದಿನಾ ಪೂಜೆಯಲ್ಲಿ ಇಳಿಸಿದ ಹೂವು ಪತ್ರೆಯನ್ನು ಮೊದಲೆಲ್ಲ ಬಾಳೆ ಬುಡಕ್ಕೆ ಹಾಕುತ್ತಿದ್ದರಲ್ಲ, ಕಳೆದ ವರ್ಷ ನೀವೂ ಮಾವನೂ ಸೇರಿ ಅಂಗಳ ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದಿರಿ. ಒಂದು ಹಿಡಿ ಮಣ್ಣು ಉಳಿಯಲಿಲ್ಲ. "ದ್ಯಾವ್ರ ಪತ್ರೆ ಯಾರೂ ತುಳೀಬಾರ್ದು. ಎಲ್ಲಿಗಾಕನ? ಪೈಪೊಳಗೆ ಯಾರ್ ತುಳಿತಾರೆ ಅಂತ ಬಚ್ಚಲ ಜಾಲರಿ ಎತ್ತಿ ಸುರೀತಿದ್ದೆ."

ಬೇಲಿಯ ಹತ್ತಿರ ಬೀಡಿ ಹಚ್ಚಿಕೊಂಡು ನಿಂತಿದ್ದ ಮಂಚಯ್ಯ ನಕ್ಕರು. "ನಾನ್ ತುಳಿತಿದ್ದೆ ಕಣವ್ವೋ. ನಾನು ಯಾರೂ ಅಲ್ವಾ?"

ಅತ್ತೆ ಮಂಡಿ ಹಿಡಿದು ಎದ್ದು, ಸೆರಗು ಸಿಕ್ಕಿಸಿ, ದಬ್ಬೆಯ ಇನ್ನೊಂದು ತುದಿ ಹಿಡಿದರು. ನಾವಿಬ್ಬರೇ ಪೂರ್ತಿ ತೆಗೆದೆವು. ಮಾವ ಒಳಗೆ ಹೋಗಿ ಟಿವಿ ಹಾಕಿಕೊಂಡರು. ಈಗ ಬಚ್ಚಲ ನೀರು ಸರಾಗ ಹೋಗುತ್ತದೆ. ನಿನ್ನೆ ಹಿತ್ತಲ ಮೂಲೆಯಲ್ಲಿ ಸಿಮೆಂಟು ಕಿತ್ತು ಮಣ್ಣು ಕಾಣುವಂತೆ ಮಾಡಿದೆ. ಪತ್ರೆ ಇನ್ನು ಅಲ್ಲಿಗೆ. ಮಾವ ಅದಕ್ಕೂ ಮುಖ ಊದಿಸಿದ್ದಾರೆ. ಊದಲಿ.

ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ, ಅತ್ತೆ ಆಶೀರ್ವಾದ ಹೇಳಿದ್ದಾರೆ. ಹೊತ್ತುಹೊತ್ತಿಗೆ ಉಣ್ಣಿ, ಸೊಂಟಕ್ಕೆ ಎಣ್ಣೆ ಹಚ್ಚಿ.

ಇಂತಿ ನಿಮ್ಮ,
ಉಷಾರಾಣಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ಕಾಗದ ಕೊಡಬೇಕಾದ ಬಸ್ಸು ಬಂದು ನಿಂತಿದೆ, ಬೇಗ ಹೇಳುತ್ತೇನೆ. ಮಂಚಯ್ಯನವರನ್ನು ಕರೆಸಿದ್ದು ಮಾವ ಎಂದೇ ನಾನು ತಿಳಿದಿದ್ದೆ. ಮಂಚಯ್ಯನವರು ಹೊರಟಾಗ, ತಮ್ಮ ಹಾಗೆ ಸತ್ತ ಮೇಲೂ ಯಾಕೆ ಬಂದಿರಿ ಎಂದು ಕೇಳಿದೆ. "ನಿಮ್ಮೆಜಮಾನ್ರೇ ಫೋನ್ ಮಾಡಿದ್ರು ಕಣವ್ವ. ನನ್ ತಮ್ಮನ್ಗೋಸ್ಕರ ಗಂಟ್ಲು ಅರ್ಕಂಡೋರು ಕರುದ್ರೆ ಎಂಗವ್ವ ಇಲ್ಲ ಅನ್ನನ?" ಎಂದರು. ರಜೆ ಹಾಕಿ ಬನ್ನಿ. ಬಸ್ಸಿಳಿದು ನೆಟ್ಟಗೆ ಮಂಚಯ್ಯನವರ ಮನೆಗೆ ಹೋಗಿ. ಅಲ್ಲಿ ಹೇಳಬೇಕಾದ್ದನ್ನು ಈ ಸಲ ಕೂಗದೆ ಹೇಳಿ. ನಮ್ಮ ಮನೆಗೆ ಆಮೇಲೆ ಬನ್ನಿ.